ಇಡಿ, ಹೋಳು, ನುಚ್ಚು

ಬಂದರಿನಲ್ಲಿ, ಮಹಡಿಯ ಮೇಲೆ ನನ್ನ ಅಂಗಡಿ.
ಕೆಳಗೆ ಒಣಮೀನಿನ ಗೋದಾಮು,
ಹಾಗಾಗಿ ಯಾರೂ ಹೆಚ್ಚು ಹೊತ್ತು ಕೂರುವುದಿಲ್ಲ.
ಸೆವ್ರಿನ್ ಬಾಯಿ ಕೂತರು.
ಮಡಿಲಲ್ಲಿ ಸಿಪಿಯು, ಹಳೆ ಬೆಡ್‌ಶೀಟಿನಲ್ಲಿ ಸುತ್ತಿದ್ದು,
ಜ್ವರದ ಮಗುವನ್ನು ತಂದ ಹಾಗೆ.

"ಹದಿನಾಲ್ಕು ವರ್ಷದ ಮೇಲ್ ಉಂಟು ಇದರಲ್ಲಿ.
ನಿನ್ನೆ ಕರೆಂಟು ಹೋಯಿತು, ಬಂತು, ಪುನಃ ಹೋಯಿತು.
ಈಗ ತೆರೆದರೆ ಒಂದೇ ಮಾತು, ಫೈಲ್ ಸರಿ ಇಲ್ಲ.
ಸರಿ ಇಲ್ಲ ಅಂತ ನನಗೂ ಗೊತ್ತುಂಟು ಮಾರಾಯ್ರೆ,
ಎಂತ ಸರಿ ಇಲ್ಲ ಅಂತ ಹೇಳಬೇಕಲ್ಲ?"

ಬ್ಯಾಕಪ್ ಕೇಳಿದೆ.
ಚೀಲದಿಂದ ಒಂದು ಸಿ.ಡಿ. ಬಂತು,
ಉಪ್ಪುಗಾಳಿ ತಿಂದು ಅಂಚು ಬಿಳಿಚಿದ್ದು,
ಮೇಲೆ ಮಾರ್ಕರಿನಲ್ಲಿ ದಪ್ಪಕ್ಕೆ: ಎಲ್ಲಾ.
ಒಳಗೆ ಏನೂ ಇರಲಿಲ್ಲ.

ಕೆಟ್ಟದ್ದನ್ನು ನೇರ ಮುಟ್ಟಬಾರದು.
ಕೆಟ್ಟದ್ದು ಹೇಗೆ ಕೆಟ್ಟಿದೆಯೋ ಹಾಗೇ ಒಂದು ಪ್ರತಿ ತೆಗೆದು
ಆ ಪ್ರತಿಯ ಮೇಲೆ ಕೈಯಾಡಿಸಬೇಕು.
ರ‍್ಯಾಮಿನ ಬಂಗಾರದ ಹಲ್ಲಿಗೆ ಹಸಿರು ಕಟ್ಟಿತ್ತು.
ಮಗಳ ರಬ್ಬರಿನಿಂದ ತಿಕ್ಕಿದೆ;
ಒಣಮೀನಿನ ನಡುವೆ ಒಂದು ಗಳಿಗೆ
ಸ್ಟ್ರಾಬೆರಿ ವಾಸನೆ.

ರಿಪೇರಿ ಎಂಟು ಸುತ್ತು. ಮೂರನೆಯದಕ್ಕೇ ಮಧ್ಯಾಹ್ನ.
ಬಾಯಿ ಮಾತಿಗೆ ತೊಡಗಿದರು:
ಗೇರುಬೀಜದ ಫ್ಯಾಕ್ಟರಿ, ಮೊದಲು ಒಡೆಯುವ ಸಾಲಿನಲ್ಲಿ,
ಆಮೇಲೆ ಗ್ರೇಡಿಂಗ್ ಮೇಜು,
ಟೈಪಿಂಗ್ ಕಲಿತ ಮೇಲೆ ಆಫೀಸು.
"ಇಡಿ ಬೇರೆ, ಹೋಳು ಬೇರೆ, ನುಚ್ಚು ಬೇರೆ.
ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗ್ತದೆ."
ಬೆರಳು ತೋರಿಸಿದರು.
ಗೇರೆಣ್ಣೆ ಸುಟ್ಟು ಗೆರೆಗಳೇ ಇಲ್ಲ.
ರೇಷನ್ ಅಂಗಡಿಯ ಯಂತ್ರ ಅವರನ್ನು ಇಂದಿಗೂ ಒಪ್ಪಿಲ್ಲವಂತೆ.

ಸಂಜೆಯ ಹೊತ್ತಿಗೆ ಮೇಲ್‌ಗಳು ಉದುರತೊಡಗಿದವು.
ಇಡಿ: ರಾಟರ್‌ಡ್ಯಾಮಿಗೆ ಹೋದ ಇನ್ವಾಯ್ಸು, ಸ್ಯಾಂಪಲ್ಲಿನ ಜಗಳ,
ಹಡಗು ತಡ ಎಂಬ ನೂರಾರು ಕ್ಷಮಾಪಣೆ.
ಹೋಳು: ತಲೆಬರಹ ಉಂಟು, ಹೊಟ್ಟೆ ಖಾಲಿ.
ನುಚ್ಚು: 'ದಯವಿಟ್ಟು' ಎಂದು ಶುರುವಾಗಿ
ಅಲ್ಲೇ ನಿಂತದ್ದು.

ಕೊನೆಗೊಂದು ಹೊಸ ಫೋಲ್ಡರ್.
ಎಲ್ಲಿಯದೆಂದು ತಿಳಿಯದ್ದನ್ನೆಲ್ಲ ತಂತ್ರಾಂಶ
ಕಳೆದು ಸಿಕ್ಕಿದ್ದು ಎಂದು ಅಲ್ಲಿ ರಾಶಿ ಹಾಕುತ್ತದೆ.
ಓದಬಾರದು, ಅದು ನನ್ನ ವ್ಯಾಪಾರದ ಮರ್ಯಾದೆ.
ಆದರೆ ಪರದೆ ಕೇಳದೆಯೇ ಮೊದಲ ಸಾಲು ತೋರಿಸಿಬಿಡುತ್ತದೆ:
ಧನಿಗಳಿಗೆ ನಮಸ್ಕಾರ. ಈ ತಿಂಗಳ ಕೊನೆಗೆ ನನ್ನನ್ನು ಬಿಡಬೇಕು.
ಅದರ ಕೆಳಗೆ ಪುನಃ, ಧನಿಗಳಿಗೆ ನಮಸ್ಕಾರ.
ಒಂಬತ್ತು. ಒಂದನ್ನೂ ಕಳಿಸಿಲ್ಲ.
ದಿನಾಂಕದ ಜಾಗದಲ್ಲಿ ಎಲ್ಲದಕ್ಕೂ: ಇಲ್ಲ.

ನಾನು ಕಿಟಕಿಯತ್ತ ತಿರುಗಿದೆ. ಮಂಜಿಯೊಂದಕ್ಕೆ
ಈರುಳ್ಳಿ ಚೀಲ ಏರಿಸುತ್ತಿದ್ದರು.
ಬಾಯಿ ಕನ್ನಡಕ ಹಾಕಿ, ಪರದೆಗೆ ಬೆರಳು ತಾಗಿಸಿ,
ಬೀಜ ಆಯ್ದ ಹಾಗೆ ಆಯ್ದರು.
"ಇದು ಬೋನಸ್ ಕೊಡದ ವರ್ಷದ್ದು.
ಇದು ಅಮ್ಮನ ಕಣ್ಣಿನ ಆಪರೇಶನ್ನಿಗೆ ರಜೆ ಇಲ್ಲ ಅಂದಾಗಿನದ್ದು.
ಇದು ಸುಮ್ಮನೆ, ಸೆಕೆಗೆ.
ಇದು..."
ಆ ಒಂದು ನೆನಪಾಗಲಿಲ್ಲ.
ಎರಡು ಸಲ ಓದಿದರು.
"ಚೆಂದ ಬರೆದಿದ್ದೇನೆ ಅಲ್ಲ?"

ಎರಡು ಪೆನ್‌ಡ್ರೈವಿಗೆ ಇಳಿಸಿದೆ. ಹೇಳಿದೆ:
ಒಂದು ಆಫೀಸಿನಲ್ಲಿ, ಒಂದು ಬೇರೆ ಸೂರಿನಡಿ,
ಒಂದಕ್ಕೆ ನೀರು ಹೊಕ್ಕರೆ ಇನ್ನೊಂದು.
"ಆ ಒಂಬತ್ತು ಆಫೀಸಿನದ್ದರಲ್ಲಿ ಬೇಡ" ಎಂದರು.
ಮೊದಲನೆಯದಕ್ಕೆ ಕಂಪೆನಿಯ ಹೆಸರಿನಲ್ಲಿ ಬಿಲ್ಲು,
ಎರಡನೆಯದಕ್ಕೆ ಸ್ವಂತ ಪರ್ಸು.

ಬೆಡ್‌ಶೀಟ್ ಕಟ್ಟುವಾಗ ಕೈ ನಿಂತಿತು.
"ನೆನಪಾಗದ ಆ ಒಂದನ್ನು ಪ್ರಿಂಟ್ ತೆಗೆಯಿರಿ.
ತಾರೀಕು ಖಾಲಿ ಇರಲಿ,
ನಾನು ಪೆನ್ನಿನಲ್ಲಿ ಬರೆಯುತ್ತೇನೆ."
ಹಾಳೆಗೆ ಐದು ರೂಪಾಯಿ.
ಹತ್ತು ಕೊಟ್ಟರು. ನನ್ನಲ್ಲಿ ಚಿಲ್ಲರೆ ಇರಲಿಲ್ಲ.
ಬಾಯಿ ಬೆಚ್ಚಗಿನ ಹಾಳೆಯನ್ನು ಒಮ್ಮೆ ನೋಡಿ
"ಹಾಗಾದರೆ ಇನ್ನೊಂದು ತೆಗೆಯಿರಿ" ಎಂದರು.