ಹತ್ತು ಸೆಕೆಂಡಿನ ಕೈ

ಜನವರಿಯ ಭಾನುವಾರ, ಪೋಲೆಂಡಿನ ವೂಚ್ ನಗರ,
ನಾಲ್ಕನೆಯ ಮಹಡಿ. ಟ್ರಾಮು ಹಾದಾಗಲೆಲ್ಲ
ಕಪಾಟಿನ ಗಾಜಿನ ಲೋಟಗಳು ಒಂದಕ್ಕೊಂದು ಚಾಡಿ ಹೇಳುತ್ತವೆ.
ಬೆಳಿಗ್ಗೆ ಹತ್ತರಿಂದ ನಡುರಾತ್ರಿವರೆಗೆ
ಟೀವಿಯಲ್ಲಿ ಹಳೆಯ ಸಿನಿಮಾ, ಒಂದರ ಬೆನ್ನಿಗೊಂದು.
ನಡುನಡುವೆ ಬೋ ಟೈ ಕಟ್ಟಿದ ನಿರೂಪಕ
ಒಳಗುಟ್ಟು ಬಿಚ್ಚುತ್ತಾನೆ,
ಪಕ್ಕದ ಮನೆಯ ಸಂಗತಿ ಎಂಬಂತೆ ದನಿ ತಗ್ಗಿಸಿ.

ಮೊದಲ ಚಿತ್ರದ ಟ್ಯಾಂಕು ಪ್ಲೈವುಡ್ಡಿನದಂತೆ,
ಒಳಗೆ ಇಬ್ಬರು ಸೈಕಲ್ ತುಳಿಯುತ್ತಿದ್ದರಂತೆ.
ತೊಟ್ಟಿಲಲ್ಲಿ ಅತ್ತ ಕೂಸು ಬಟ್ಟೆ ಸುತ್ತಿದ ಬ್ರೆಡ್ಡಂತೆ,
ಅಳು ಧ್ವನಿ ವಿಭಾಗದ ಬೆಕ್ಕಿನದಂತೆ.
ಎರಡನೆಯದರಲ್ಲಿ ಮಳೆ ಸುರಿಸಿದವರು ಅಗ್ನಿಶಾಮಕ ದಳದವರು,
ನಡುವೆ ನಿಜವಾದ ಬೆಂಕಿಯ ಕರೆ ಬಂದು
ಪ್ರೇಮಿಗಳು ಅರ್ಧ ನೆನೆದು ನಿಂತರಂತೆ.
ಈ "ಅಂತೆ"ಗೆ ಎಷ್ಟು ದೊಡ್ಡ ಹೊಟ್ಟೆ!
ಏನು ಹಾಕಿದರೂ ತುಂಬುವುದಿಲ್ಲ.

ನಾನು ಆಲೂಗೆಡ್ಡೆ ಸುಲಿಯುತ್ತ ನಗುತ್ತಿದ್ದೆ.
ಅಜ್ಜಿ ಗೆನೊವೆಫಾ ನಗಲಿಲ್ಲ, ಕಾಯುತ್ತಿದ್ದಳು,
ಡಾಕ್ಟರ ಕೋಣೆಯ ಹೊರಗೆ ಕೂತವರ ಹಾಗೆ
ಕೈಚೀಲ ತೊಡೆಯ ಮೇಲಿಟ್ಟುಕೊಂಡು.

ಮೂರನೆಯದು ಬಟ್ಟೆಗಿರಣಿಯ ಕತೆ.
ನಾಯಕಿ ನೇಕಾರ್ತಿ. ಅವನು ರೈಲು ಹತ್ತಿದ ಸುದ್ದಿ
ಮಗ್ಗದ ಗದ್ದಲದಲ್ಲಿ ಯಾರೋ ಕಿವಿಗೆ ಕೂಗುತ್ತಾರೆ.
ಅದೇ ಗಳಿಗೆ ಎಳೆ ಕಡಿಯುತ್ತದೆ.
ಪರದೆ ತುಂಬ ಎರಡು ಕೈ.
ಅವಸರವಿಲ್ಲ, ನಡುಕವಿಲ್ಲ,
ಕಡಿದ ತುದಿಗಳನ್ನು ಹುಡುಕಿ, ಕೂಡಿಸಿ, ಗಂಟು.

"ಈ ಗಂಟಿಗಾಗಿ ನಟಿ ಮೂರು ತಿಂಗಳು
ಗಿರಣಿಯಲ್ಲಿ ಅಭ್ಯಾಸ ಮಾಡಿದ್ದರು," ಎಂದ ನಿರೂಪಕ.
"ಮೂರು ದಿನ," ಎಂದಳು ಅಜ್ಜಿ, ಟೀವಿಗೆ.
"ಮೂರೂ ದಿನ ಕಿವಿಗೆ ಹತ್ತಿ ತುರುಕಿಕೊಂಡು ಅತ್ತಳು, ಪಾಪ.
ಆ ಕೈ ನನ್ನದು."

ಸಿಪ್ಪೆ ನನ್ನ ಚಾಕುವಿನಿಂದ ನೇತಾಡುತ್ತಿತ್ತು.
ಮೂವತ್ತೊಂದು ವರ್ಷ ಈ ಮನೆಯ ಸೂಪು ಕುಡಿದಿದ್ದೇನೆ,
ಇದನ್ನು ಯಾರೂ ಹೇಳಿರಲಿಲ್ಲ.

ಹನ್ನೊಂದು ಟೇಕು. ಕೂಲಿ ಎರಡು ನಿಂಬೆಹಣ್ಣು.
ಆ ಕಾಲಕ್ಕೆ ನಿಂಬೆ ಅಂದರೆ ನಿಂಬೆ, ಎಂದಳು,
ಬೀದಿಯೇ ಮೂಸಲು ಬಂದಿತ್ತು.
ನಾಯಕಿ ಮದುವೆಯಾಗದವಳು, ಉಂಗುರ ತೆಗೆ ಎಂದರು.
ಸೋಪು ಹಚ್ಚಿ ತೆಗೆದಳು. ಕೆಳಗೆ ಬಿಳಿ ಪಟ್ಟಿ.
ಮೇಕಪ್ಪಿನವನು ಚಹಾದ ಚರಟ ತಿಕ್ಕಿದ,
ಹೋಗಲಿಲ್ಲ.
ಕಪ್ಪು ಬಿಳುಪು ಚಿತ್ರ, ಯಾರಿಗೆ ಕಾಣುತ್ತೆ, ಎಂದ.

ಅಜ್ಜನಿಗೆ ಕಂಡಿತು.
ಗಿರಣಿಯವರಿಗೆಲ್ಲ ಬಿಟ್ಟಿ ಆಟ. ಕತ್ತಲಲ್ಲಿ
ಎಲ್ಲರೂ ನಾಯಕಿಗಾಗಿ ಮೂಗೊರೆಸುವಾಗ
ಅವನೊಬ್ಬ ಆ ಬಿಳಿ ಪಟ್ಟಿ ನೋಡಿ
ಎದ್ದು ಹೊರಗೆ ಹೋಗಿ ಮೂರು ಸಿಗರೇಟು ಸೇದಿದ.
ವಾರವಿಡೀ ಉಪ್ಪು ಬೇಕೆಂದರೂ
ನನ್ನ ಅಮ್ಮನ ಮೂಲಕ ಹೇಳಿಸಿದ.
ಅಮ್ಮನಿಗಾಗ ಎರಡು ವರ್ಷ.

ಚಾನೆಲ್ಲಿಗೆ ಪತ್ರ ಬರೆಯೋಣ, ಎಂದೆ,
ಕೆಸರಾದದ್ದು ನಿನ್ನ ಕೈ, ಮೊಸರು ಅವಳ ಬಾಯಿಗೋ?
ಬೇಡ, ಎಂದಳು. ಅಳು ಅವಳದೇ ತಾನೆ.
ನನಗೆ ಹಾಗೆ ಅಳಲು ಬರುತ್ತಿರಲಿಲ್ಲ,
ಎಂಟು ಮಗ್ಗ ನೋಡುವವಳಿಗೆ ಪುರುಸೊತ್ತೆಲ್ಲಿ.

ಒಲೆಯ ಮೇಲೆ ಆಲೂಗೆಡ್ಡೆ ಹಿಟ್ಟಾಗಿ ಹೋಗಿತ್ತು.
ನಾಲ್ಕನೆಯ ಸಿನಿಮಾ ಯಾವುದೆಂದು ಇಬ್ಬರಿಗೂ ಗೊತ್ತಿಲ್ಲ.

ಜಾಹೀರಾತಿನ ಹೊತ್ತಲ್ಲಿ ನನ್ನ ಸ್ವೆಟರಿನ ತೋಳು ಎಳೆದು
ಬಿಟ್ಟುಕೊಂಡ ಎಳೆಗೆ ಗಂಟು ಹಾಕಿದಳು, ಕಣ್ಣು ಟೀವಿಯಲ್ಲೇ.
ಹೇಗೆ ಹಾಕಿದೆ? ಇನ್ನೊಮ್ಮೆ?
ಬಿಚ್ಚಿದರೆ ತಾನೆ ಇನ್ನೊಮ್ಮೆ, ಎಂದಳು.
ಇದು ಬಿಚ್ಚುವುದಿಲ್ಲ.

ಅವಳು ಮಲಗಿದ ಮೇಲೆ ರೆಕಾರ್ಡು ಹಿಂದಕ್ಕೋಡಿಸಿದೆ,
ದನಿ ತೆಗೆದು, ಒಂದೊಂದೇ ಚೌಕಟ್ಟು.
ತುದಿ ಸಿಕ್ಕಿತು. ತುದಿಗೆ ತುದಿ ತಾಕಿತು. ಹೆಬ್ಬೆರಳು ಬಾಗಿತು.
ಪಟ್ಟಿ ಇದೆ, ಬಿಳಿ, ಅಗುಳಿನಷ್ಟು.
ಗಂಟು ಬೀಳಬೇಕು, ಸರಿಯಾಗಿ ಆಗಲೇ
ಯಾರೋ ಅಲ್ಲಿ ಕತ್ತರಿ ಆಡಿಸಿ
ಕಣ್ಣು ತುಂಬಿಕೊಂಡ ಆ ಚೆಲುವೆಯ ಮುಖ ಅಂಟಿಸಿದ್ದಾರೆ.

ಹಿಂದೆ ಹೋದೆ. ಬೆರಳು ಬಾಗಿತು. ಮುಖ.
ಮತ್ತೆ ಹೋದೆ. ಮುಖ.