ಗುರುವಿನ ಚಂದ್ರ

ಚಹಾ ಆರುತ್ತಿದೆ ಗುರುಗಳೇ, ಮೊದಲು ಕುಡಿಯಿರಿ.
ನಿಮ್ಮ ನೈಜೀರಿಯಾದ ಬಿಸಿಲು ಇಲ್ಲಿಲ್ಲ, ಈ ಕೆರ್ರಿ ತೀರದಲ್ಲಿ
ಗಾಳಿ ಬಾಗಿಲು ತಟ್ಟದೆಯೇ ಒಳಗೆ ಬರುತ್ತದೆ.
ಕರೆಸಿದ್ದು ಪಾಪನಿವೇದನೆಗಲ್ಲ.
ಎಂಬತ್ತಾರರ ಗೊಬ್ನಿತ್‌ಗೆ ಹೊಸ ಪಾಪ ಮಾಡುವ
ತಾಕತ್ತೆಲ್ಲಿ. ಒಂದು ಲೆಕ್ಕ ಕೇಳುವುದಿತ್ತು, ಅಷ್ಟೆ.

ಮಂಗಳವಾರ ರೇಡಿಯೋದಲ್ಲಿ
ಸತ್ತವರ ಪಟ್ಟಿ ಓದಿ ಮುಗಿಸಿದರು:
ಗುಡ್ಡದಾಚೆಯ ಬಡಗಿ, ವಾಟರ್‌ವಿಲ್ಲಿನ ದಾದಿ,
ಹೂ ತರಬೇಡಿ, ಮನೆಗೆ ಬರುವುದು ಬೇಡ.
ಅದರ ಬೆನ್ನಿಗೇ, ದನಿ ಕೂಡ ಬದಲಿಸದೆ, ಅಂದರು:
ಗುರುಗ್ರಹದ ಚಂದ್ರನೊಂದರಲ್ಲಿ
ಮಂಜುಗಡ್ಡೆಯ ಕೆಳಗಿನ ಕಡಲಲ್ಲಿ
ಜೀವ ಇದೆ.
ಬಟಾಟೆ ಸುಲಿಯುತ್ತಿದ್ದೆ. ಚಾಕು ನಿಂತಿತು.
ಈ ರೇಡಿಯೋದಲ್ಲಿ ಸಾವಿನ ಹಿಂದೆ
ಹುಟ್ಟಿನ ಸುದ್ದಿ ಬಂದದ್ದು ಅದೇ ಮೊದಲು.

ಕಣ್ಣಿಲ್ಲವಂತೆ. ಕೈಯಿಲ್ಲವಂತೆ.
ಬಾವಿಯ ಕಲ್ಲಿಗೆ ಹತ್ತುವ ಪಾಚಿಗಿಂತ ತೆಳು,
ಒಂದು ಲೋಳೆ.
ಮೊಮ್ಮಗಳು ಡರ್ವ್ಲಾ ಫೋನಿನಲ್ಲಿ ತೋರಿಸಿದಳು,
ಬೂದು ಬಣ್ಣದ ನಾಲ್ಕು ಚುಕ್ಕೆ.
ಅಂಗಡಿಯಲ್ಲಿ ಗಂಡಸರು ಆಗಲೇ ಶುರುಮಾಡಿದ್ದರು.
ಇನ್ನು ಚರ್ಚಿಗೆ ಬೀಗವೇ ಗತಿ ಎಂದ ಒಬ್ಬ.
ಕ್ರಿಸ್ತ ಅಲ್ಲಿಗೂ ಹೋಗಿದ್ದನೋ ಎಂದ ಇನ್ನೊಬ್ಬ.
ಲೋಳೆಗೆ ಶಿಲುಬೆ ಹೊರಲು ಬೆನ್ನೆಲ್ಲಿದೆ ಮಾರಾಯ ಎಂದು
ಹಾಲಿನವನು.
ನಗಲಿ. ನಾನೂ ನಕ್ಕೆ.

ನನ್ನ ಪ್ರಶ್ನೆ ಸಣ್ಣದು.
ಅದಕ್ಕೆ ಜ್ಞಾನಸ್ನಾನ ಮಾಡಿಸಿದ್ದು ಯಾರು?

ಆ ಕಿಟಕಿಯಿಂದ ಕಾಣುತ್ತದಲ್ಲ, ಮುಳ್ಳುಪೊದೆಯ ದಿಬ್ಬ,
ದನ ಕೂಡ ಅಲ್ಲಿ ಬಾಯಿ ಹಾಕುವುದಿಲ್ಲ.
ಕಿಲ್ಲೀನ್ ಅನ್ನುತ್ತೇವೆ.
ಹೆಸರಿಡುವ ಮೊದಲೇ ಹೋದ ಕೂಸುಗಳ ಹೊಲ.
ನೆತ್ತಿಗೆ ನೀರು ಬೀಳದವಕ್ಕೆ
ಚರ್ಚಿನ ಗೋಡೆಯೊಳಗೆ ಆಗ ಜಾಗವಿರಲಿಲ್ಲ.
ಸ್ವರ್ಗವೂ ಅಲ್ಲ, ನರಕವೂ ಅಲ್ಲ,
ನಡುವೆ ಎಲ್ಲೋ ಕಿಟಕಿಯಿಲ್ಲದ ಒಂದು ಕೋಣೆ ಎಂದಿದ್ದರು
ನೀವೀಗ ಕೂತ ಕುರ್ಚಿಯಲ್ಲೇ ಕೂತು.

ಅವಳು ಎಷ್ಟು ಉಸಿರು ಎಳೆದಳು ಎಂದು ಎಣಿಸಿದ್ದೇನೆ.
ಹನ್ನೊಂದು.
ಮನೆಯಲ್ಲಿದ್ದ ಒಂದು ಲೋಟ ನೀರು
ಬಾಯಾರಿಕೆ ಎಂದು ನಾನೇ ಕುಡಿದಿದ್ದೆ.
ಸೂಲಗಿತ್ತಿ ಬಾವಿಗೆ ಓಡಿದಳು. ಹೋಗಲು ನಲವತ್ತು ಹೆಜ್ಜೆ,
ಬರಲು ನಲವತ್ತು.
ನೀರು ಬಂತು. ಅದರಿಂದ ನೆಲ ಒರೆಸಿದರು.

ಫಿನೀನ್ ಬೆಣ್ಣೆಯ ಪೆಟ್ಟಿಗೆಯೊಂದನ್ನು
ಕೋಟಿನೊಳಗೆ ಅವುಚಿಕೊಂಡು ಹೋದ, ಹೊತ್ತು ಮುಳುಗಿದ ಮೇಲೆ.
ತೀರದಿಂದ ಬಿಳಿಯ ಕಲ್ಲೊಂದನ್ನು ತಂದಿಟ್ಟನಂತೆ.
ಯಾವುದು ಎಂದು ಸಾಯುವವರೆಗೂ ಹೇಳಲಿಲ್ಲ.
ಎಲ್ಲವೂ ನಮ್ಮವೇ ಅಂದುಕೋ, ಅಂದ.

ಆಮೇಲೆ ರೋಮಿನಿಂದ ಮಾತು ಬಂತು, ಗೊತ್ತು.
ದೇವರ ಕರುಣೆಯಲ್ಲಿ ಭರವಸೆ ಇಡಬಹುದು.
ಇಡಬಹುದು, ಅಂದರು. ಇದೆ ಅನ್ನಲಿಲ್ಲ.

ಈಗ ಹೇಳಿ.
ಅಷ್ಟು ದೂರದ ಕತ್ತಲಲ್ಲಿ,
ನೆತ್ತಿಯೇ ಇಲ್ಲದ ಲೋಳೆಯೊಂದಕ್ಕೆ
ಕಡಲಿಗೆ ಕಡಲನ್ನೇ ಎತ್ತಿಕೊಟ್ಟವನು
ನನ್ನ ಹೆಜ್ಜೆ ಎಣಿಸುತ್ತ ಕೂತಿದ್ದನೆ?
ಅಥವಾ ಆ ರಾತ್ರಿ ಅವನು ಅಲ್ಲಿದ್ದನೆ,
ಅದರ ತೊಟ್ಟಿಲು ತೂಗುತ್ತ,
ಇಲ್ಲಿಗೆ ಬರಲು ಪುರುಸೊತ್ತಿಲ್ಲದೆ?
ಎರಡರಲ್ಲಿ ಯಾವುದಾದರೂ ನಾನು ತಡೆದುಕೊಂಡೇನು.
ಒಂದು ದಿನ ಮೊದಲನೆಯದನ್ನು ನಂಬುತ್ತೇನೆ,
ಮರುದಿನ ಕೋಳಿಗೆ ಕಾಳು ಹಾಕುವಾಗ ಎರಡನೆಯದನ್ನು.

ನೀವು ಮಾತಾಡುತ್ತಿಲ್ಲ. ಒಳ್ಳೆಯದೇ.
ಹಿಂದಿನವರು ತುಂಬ ಮಾತಾಡುತ್ತಿದ್ದರು.

ಅಗೋ, ದಿಬ್ಬದ ಮೇಲೆ ಎದ್ದಿದ್ದಾನೆ ನಿಮ್ಮ ಹೆಸರಿನವನು,
ಮಿನುಗುವುದೇ ಇಲ್ಲ, ನೋಡಿ, ಸುಮ್ಮನೆ ಉರಿಯುತ್ತಾನೆ.
ಫಿನೀನ್‌ನ ಬೂಟು ಬಾಗಿಲ ಹಿಂದಿದೆ,
ನಿಮಗೆ ಸ್ವಲ್ಪ ದೊಡ್ಡದಾದೀತು.
ಬೇಡ, ಆ ನೀರಿನ ಸೀಸೆ ಇಲ್ಲೇ ಇರಲಿ.
ಅಲ್ಲಿ ಹುಲ್ಲೆಲ್ಲ ಒದ್ದೆ.
ಅರವತ್ತಾರು ವರ್ಷ ನಾಲಿಗೆಯಡಿ ಇಟ್ಟುಕೊಂಡ ಹೆಸರೊಂದಿದೆ,
ದಾರಿಯಲ್ಲಿ ಹೇಳುತ್ತೇನೆ, ನೀವು ಒಮ್ಮೆ ಜೋರಾಗಿ ಕೂಗಿ.
ಗೇಟನ್ನು ಸ್ವಲ್ಪ ಎತ್ತಿ ತೆಗೆಯಬೇಕು,
ಜೋತುಬಿದ್ದಿದೆ.