ಮೈಲುತುತ್ತ ಹಾಕಿದ ಅಂಟು

ಕಟಿಂಗ್ ಮಷೀನಿನ ಅಲಗು ಇಳಿದಾಗ
ಈ ಕಡೆ ಮದವಿ ಕಾರ್ಡು, ಆ ಕಡೆ ಒಂದು ಪಟ್ಟಿ.
ಪಟ್ಟಿ ನನಗ.
ನಾಲ್ಕು ಬೆರಳು ಅಗಲ, ಗೇಣಿಗಿಂತ ಚೂರು ಕಡಿಮಿ.
ನಿನ್ನ ಚಿತ್ರ ಯಾಕ ಇಷ್ಟು ಸಣ್ಣವು ಅಂತ ಕೇಳಿದವರಿಗೆ
ಮಷೀನು ತೋರಸ್ತೀನಿ.

ಟಾಂಗಾಕೂಟದ ಹಿಂದಿನ ಓಣಿ, ಪ್ರೆಸ್ಸಿನ ಮ್ಯಾಲೆ
ಬೈಂಡಿಂಗಿನ ಖೋಲಿ. ಇಪ್ಪತ್ತೆರಡು ವರ್ಷ.
ಅಂಟು ಕುದಿಸೋದು ದಾವಲಸಾಬ ಕಲಿಸಿದ್ದು:
ಮೈದಾ ಒಂದು ಬಟ್ಟಲ, ನೀರು ಐದು,
ಗಂಟಾಗದಂಗ ತಿರುವಬೇಕು, ತಿರುವಾಗ ಮಾತಾಡಬಾರದು,
ಇಳಿಸಿದ ಮ್ಯಾಲೆ ಹೆಸರುಕಾಳಿನಷ್ಟು ಮೈಲುತುತ್ತ.
"ವಿಷ ಹಾಕಬೇಕವಾ ಸ್ವಲ್ಪ,
ಇಲ್ಲಾಂದ್ರ ಲೆಕ್ಕದ ಪುಸ್ತಕ ಜೊಂಡಿಗ್ಯಾ ಓದತಾವ."
ಅಂವ ಹೋದ. ಅಂವ ಕಟ್ಟಿದ ಖಾತೆ ಪುಸ್ತಕ
ಅಡತಿ ಅಂಗಡ್ಯಾಗ ಇನ್ನೂ ಬೆನ್ನು ನೆಟ್ಟಗ ಮಾಡಿ ನಿಂತಾವ.

ಮೊದಲ ಪಟ್ಟಿಗೆ ಮಣ್ಣು ಹಚ್ಚತೀನಿ.
ಎರಿ ಮಣ್ಣು ಒಣಗಿದರ ಬಿರಿತೈತಿ, ಬಿರೀಲಿ.
ಕಪ್ಪತಗುಡ್ಡದ ಕೆಂಪು, ಜಾಲಿ ಅಂಟಿನಾಗ ಕಲಸಿದರ
ಕುಂಚಕ್ಕ ಸರಳ ಬರತೈತಿ.
ಅದರ ಮ್ಯಾಲೆ ಬೆಟಗೇರಿ ಮಗ್ಗದ ಕಡಿನೂಲು.
ಮಗ್ಗಲ ಮನಿ ಇಂದವ್ವ ಉಡಿಯಾಗ ತಂದು ಸುರೀತಾಳ,
ಹಸಿರು ಬೇಕಂದ ದಿನ ಬರೇ ಕುಸುಬಿ ಬಣ್ಣ.
ಚಹಾದ ಕಲೆ. ಉಳ್ಳಾಗಡ್ಡಿ ಸಿಪ್ಪಿ.
ಹಾತಲಗೇರಿ ನಾಕಾದಾಗ ಇಳಿದ ಬಸ್ಸಿನ ಟಿಕೀಟು,
ಹೆಣ್ಮಕ್ಕಳಿಗೆ ಸೊನ್ನೆ ರೂಪಾಯಿ ಅಂತ ಹೊಡೆದದ್ದು:
ಒಂದ ಬ್ಯಾಸಗಿಗೆ ಸೊನ್ನೆನೂ ಅಳಿಸಿ ಹೋಗಿ
ನಾನು ಬರೀದ ಒಂದು ಮೋಡ ಉಳೀತು.
ಲ್ಯಾಮಿನೇಷನ್ ಕಾರ್ಡು ಮಾತ್ರ ಹತ್ತೂದಿಲ್ಲ.
ಎಷ್ಟು ಒತ್ತಿ ಹಚ್ಚಿದರೂ ಮುಂಜಾನೆ ಎದ್ದು ಕುಂತಿರತೈತಿ,
ಸಿಟ್ಟಾದ ಬೀಗಿತ್ತಿ ಹಂಗ.
ಉಸುಕಿನ ಕಾಗದದಿಂದ ಹೊಳಪು ತಿಕ್ಕಿ ತೆಗೀಬೇಕು ಮೊದಲ.

ಎರಡು ವರ್ಷದ ಹಿಂದ ಒಂದು ಒತ್ತು ಬಿತ್ತು.
ಕಂಪ್ಯೂಟರಿನ ಹುಡುಗ ಫಾಂಟ್ ಬದಲಿಸಿದ,
ಚಿ. ಕುಂ. ಸೌ. ಭಾಗ್ಯಶ್ರೀ ಹೋಗಿ ಭಾಗಶ್ರೀ ಆದಳು
ಮುನ್ನೂರು ಕಾರ್ಡಿನಾಗ.
ಅವರಪ್ಪ ಬಂದು ಕೌಂಟರಿಗೆ ಕೈ ಗುದ್ದಿದ:
"ಭಾಗ್ಯಾನ ತಗದು ಭಾಗ ಮಾಡೀರಿ, ಮದವಿ ಮನ್ಯಾಗ!"
ರಾತ್ರಿಯೆಲ್ಲ ಮತ್ತ ಮುನ್ನೂರು.
ರದ್ದಾದವು ನನ್ನ ಮೂಲಿಗೆ.

ಮನ್ಯಾಗ ಒಂದು ಹೆಸರು ಕತ್ತರಿಸಿ ಪಟ್ಟಿಗೆ ಹಚ್ಚಿ
ಪೆನ್ನಿನಿಂದ ಒತ್ತು ಕೊಟ್ಟೆ. ಮಾಸ್ತರು ತಿದ್ದಿದಂಗ ಕಾಣಿಸ್ತು.
ಹರಿದೆ.
ಇನ್ನೊಂದಕ್ಕ ನೂಲು ಬಾಗಿಸಿ ಇಟ್ಟೆ, ಜಾರಿತು.
ಮೂರು ದಿನ ಒತ್ತಿಲ್ಲದ ಹುಡುಗಿ
ರೊಟ್ಟಿ ಬುಟ್ಟಿ ಮುಚ್ಚಳದ ಮ್ಯಾಲೆ ಕಾಯಕೋತ ಬಿದ್ದಿದ್ದಳು.
ಆಮ್ಯಾಲ ಹಳೇ ಜಂಪರಿನ ಹುಕ್ಕು ಒಂದು ಕಿತ್ತು ಬಂತು ಕೈಗೆ.
ನೋಡಿದರ ಅದ ಯ-ಒತ್ತು, ಅದ ಬಾಗು, ಅದ ಬಾಲ.
ಗಕಾರದ ಕೆಳಗ ಇಟ್ಟೆ. ಮ್ಯಾಲೆ ಅಂಟು ಬಳಿದೆ.
ಆ ದಿನ ಮೈಲುತುತ್ತ ಕೈತಪ್ಪಿ ಹೆಚ್ಚ ಬಿದ್ದಿತ್ತು.
ಹೋಗಲಿ ಅಂತ ಮಲಗಿದೆ.

ನಾಲ್ಕು ದಿನಕ್ಕ ಕಬ್ಬಿಣದ ಹುಕ್ಕು
ತಾಮ್ರದ ಬಣ್ಣ ತಿರುಗಿತ್ತು.
ನಾನು ಹಚ್ಚಿದ್ದಲ್ಲ ಅದು.
ಹುಳಕ್ಕಂತ ಹಾಕಿದ ವಿಷ
ಕತ್ತಲದಾಗ ಸುಮ್ಮನ ಕುಂತು ಇಷ್ಟು ಮಾಡಿತ್ತು.
ದಾವಲಸಾಬಗ ತೋರಿಸಬೇಕಿತ್ತು.

ಹೋದ ವಾರ ಒಬ್ಬಾಕಿ ಬಂದಳು,
ಕೂಸಿನ ತೊಟ್ಟಿಲ ಕಾರ್ಡು ಬೇಕಂತ.
ಪ್ರೂಫ್ ಹಾಳಿ ಮ್ಯಾಲೆ ಬೆರಳಿಟ್ಟು
ಒಂದೊಂದ ಒತ್ತು ಮುಟ್ಟಿ ಮುಟ್ಟಿ ಓದಿದಳು,
ತನ್ನ ಹೆಸರಿನ ಹತ್ತಿರ ಎರಡು ಸಲ.
ಚಿತ್ರ ಡ್ರಾವರಿನಾಗ ಇತ್ತು, ಕೈ ಚಾಚಿದರ ಸಿಗುವಷ್ಟು ದೂರ.
ತೋರಸಲಿಲ್ಲ. ಯಾಕಂದರ ಹೇಳಾಕ ಬರೂದಿಲ್ಲ.
"ಎಲ್ಲಾ ಸರಿ ಐತ್ರಿ" ಅಂದಳು.

ಅಲಗು ಇಳೀತು.
ಬಿದ್ದ ಪಟ್ಟಿ ಗುಲಾಬಿ.
ಕಾಗದ ತುಟ್ಟಿ ಆಗೇತಿ ಅಂತ ಮಾಲಕರು ಅಳತಿ ಬಿಗಿ ಮಾಡ್ಯಾರ:
ಈ ಸಲ ನಾಲ್ಕು ಬೆರಳಿಲ್ಲ,
ಮೂರೂವರಿ.